ಅಥೆನ್ಸ್‌ನ ಗೂಬೆ ನಾಣ್ಯ ಕಾಬೂಲಿನ ಮಣ್ಣಲ್ಲಿ ಸಿಕ್ಕರೆ ಅದನ್ನು ಓದುವುದು ಹೇಗೆ?

ಗದ್ಯಾಣ

1933ರಲ್ಲಿ ಕಾಬೂಲಿನ ಚಮನ್-ಇ-ಹುಜೂರಿ ಹತ್ತಿರ ಕಟ್ಟಡದ ಪಾಯ ಅಗೆಯುವಾಗ ಬೆಳ್ಳಿಯ ನಿಧಿಯೊಂದು ಸಿಕ್ಕಿತು. ಒಟ್ಟು 1,000 ನಾಣ್ಯಗಳಷ್ಟು ಇದ್ದವು ಎನ್ನುತ್ತಾರೆ. ಫ್ರೆಂಚ್ ಪುರಾತತ್ವಜ್ಞ ಡೇನಿಯಲ್ ಶ್ಲುಂಬರ್ಜೆ 1953ರಲ್ಲಿ ಪ್ರಕಟಿಸಲು ಸಾಧ್ಯವಾದದ್ದು ಅದರಲ್ಲಿ ನೂರಿಪ್ಪತ್ತರ ಆಸುಪಾಸು ಮಾತ್ರ. ಅದರಲ್ಲೇ ಅಥೆನ್ಸ್‌ನ ಗೂಬೆ ನಾಣ್ಯಗಳಿದ್ದವು, ಅಂದರೆ ಒಂದು ಬದಿ ಅಥೇನಾ ದೇವಿಯ ಮುಖ, ಇನ್ನೊಂದು ಬದಿ ಗೂಬೆ ಇರುವ ಬೆಳ್ಳಿ ನಾಣ್ಯಗಳು. ಗ್ರೀಕ್ ದ್ವೀಪಗಳಾದ ಏಜಿನಾ, ಥಾಸೊಸ್, ಕಿಯೊಸ್‌ಗಳ ಹಳೆಯ ಬೆಳ್ಳಿ ಇತ್ತು. ಪರ್ಷಿಯಾದ ಬೆಳ್ಳಿ ನಾಣ್ಯವಾದ ಸಿಗ್ಲೊಸ್ ಇದ್ದವು. ಜೊತೆಗೆ ಆ ಸೀಮೆಯದೇ ಆದ, ಮುದ್ರೆ ಒತ್ತಿದ ಬಾಗಿದ ಬೆಳ್ಳಿ ಪಟ್ಟಿಗಳೂ ಇದ್ದವು. ಹೂತದ್ದು ಕ್ರಿ.ಪೂ. 380ರ ಸುಮಾರಿಗೆ. ಅಂದರೆ ಅಲೆಕ್ಸಾಂಡರ್ ಹಿಂದೂಕುಷ್ ಮುಟ್ಟುವುದಕ್ಕೆ ಅರ್ಧ ಶತಮಾನ ಮೊದಲು. ಅಥೆನ್ಸ್‌ನಿಂದ ಕಾಬೂಲಿಗೆ ನೇರ ಗೆರೆ ಎಳೆದರೂ 4,000 ಕಿ.ಮೀ.

ಇದನ್ನು ಇಟ್ಟುಕೊಂಡು "ಅಲೆಕ್ಸಾಂಡರನಿಗೂ ಮೊದಲೇ ಅಲ್ಲಿ ಗ್ರೀಕ್ ವ್ಯಾಪಾರಿಗಳಿದ್ದರು" ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ನಾಣ್ಯವೊಂದೇ ಆ ಮಾತನ್ನು ಹೊರಬಲ್ಲದೇ? ಅಂಥ ನಾಣ್ಯ ಕೈಗೆ ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವ ಕ್ರಮದಲ್ಲಿ? ಬಲ್ಲವರು ವಿವರವಾಗಿ ಬರೆಯಿರಿ.

ಒರೆಗಲ್ಲು

ಮೊದಲು ನೋಡಬೇಕಾದದ್ದು ನಾಣ್ಯವನ್ನಲ್ಲ, ಅದರ ಜೊತೆಗಿದ್ದವರನ್ನು. ಕಾಬೂಲಿನ ನಿಧಿಯಲ್ಲಿ ಒಂದೇ ಊರಿನ ಹಣ ಇಲ್ಲ. ಏಜಿಯನ್ ಸಮುದ್ರದ ಸುತ್ತಲಿನ ಹತ್ತಾರು ಪಟ್ಟಣಗಳದ್ದು, ಬೇರೆ ಬೇರೆ ತೂಕದ ಪದ್ಧತಿಯದ್ದು, ಕೆಲವು ಹೂಳುವ ಹೊತ್ತಿಗೆ ನೂರು ವರ್ಷ ಹಳೆಯವು. ಹೀಗೆ ಕಲೆತ ರಾಶಿಯನ್ನು ಎಣಿಸಿ ಕೊಡಲು ಬರುವುದಿಲ್ಲ, ತೂಗಿ ಕೊಡಬೇಕು. ಅಲ್ಲಿಗೆ ಇದು ಹಣವಾಗಿ ಬಂದದ್ದಲ್ಲ, ಬೆಳ್ಳಿಯಾಗಿ ಬಂದದ್ದು. ಅಥೇನಾಳ ಮುಖ ಯಾರದೆಂದು ಕಾಬೂಲಿನವನಿಗೆ ಗೊತ್ತಿರಬೇಕಾಗಿರಲಿಲ್ಲ.

ಎರಡನೆಯದು ಉಳಿಯ ಗಾಯ. ಅಂಚಿನಿಂದ ಒಳಕ್ಕೆ, ಗೂಬೆಯ ಮೇಲೋ ಅಥೇನಾಳ ಕೆನ್ನೆಯ ಮೇಲೋ ಉಳಿಯಿಟ್ಟು ಹೊಡೆದ ಸೀಳು ಇದೆಯೇ ನೋಡಿ. ಒಳಗೆ ತಾಮ್ರವಿದೆಯೋ ಎಂದು ಪರೀಕ್ಷಿಸಿದ ಗುರುತು ಅದು. ಈಜಿಪ್ಟಿನ ಅಸ್ಯೂತ್‌ನಲ್ಲಿ 1968-69ರಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು 900 ಗ್ರೀಕ್ ನಾಣ್ಯಗಳಿದ್ದವು, ಕಾಲ ಕ್ರಿ.ಪೂ. 475ರ ಆಸುಪಾಸು. ಅವುಗಳಲ್ಲಿ ಬಹಳಷ್ಟರ ಮೇಲೆ ಇಂಥ ಸೀಳು, ಕೆಲವಕ್ಕೆ ಎರಡು ಮೂರು. ಒಬ್ಬ ಸೀಳಿ ನೋಡಿದ್ದನ್ನು ಮುಂದಿನವನು ನಂಬಿಲ್ಲ, ತಾನೂ ಸೀಳಿದ್ದಾನೆ. ಮುದ್ರೆಯ ಮಾತು ನಡೆಯದ ಸೀಮೆಗೆ ನಾಣ್ಯ ದಾಟಿತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆದ್ದರಿಂದ "ಗ್ರೀಕ್ ನಾಣ್ಯ ಸಿಕ್ಕಿದೆ, ಗ್ರೀಕರು ಇದ್ದರು" ಎಂಬ ಜಿಗಿತವನ್ನು ನಾನು ಒಪ್ಪುವುದಿಲ್ಲ. ಬೆಳ್ಳಿ ಕೈಯಿಂದ ಕೈಗೆ ಹೋಗುತ್ತದೆ. ಅಥೆನ್ಸ್‌ನಿಂದ ಹೊರಟವನು ಮೆಡಿಟರೇನಿಯನ್ ಪೂರ್ವ ದಂಡೆಯ ಸಿಡೋನ್ ಬಂದರಿನಲ್ಲೇ ನಿಂತಿರಬಹುದು, ನಾಣ್ಯ ಮುಂದಕ್ಕೆ ಹೋಗಿರುತ್ತದೆ.

ಕಾರ್ಷಾಪಣ

ಒರೆಗಲ್ಲು ಹೇಳಿದ ತೂಕದ ಮಾತಿಗೆ ಅಂಕಿ ಸೇರಿಸುತ್ತೇನೆ. ಆ ಬಾಗಿದ ಬೆಳ್ಳಿ ಪಟ್ಟಿ 11 ಗ್ರಾಂ ಆಚೀಚೆ ತೂಗುತ್ತದೆ. ಪರ್ಷಿಯಾದ ಸಿಗ್ಲೊಸ್ 5.4ರಿಂದ 5.6 ಗ್ರಾಂ. ಅಂದರೆ ಒಂದು ಪಟ್ಟಿಗೆ ಎರಡು ಸಿಗ್ಲೊಸ್. ಗಾಂಧಾರದ ಕಡೆ ಬೆಳ್ಳಿಯನ್ನು ತೂಗುತ್ತಿದ್ದ ಕಲ್ಲು ಪರ್ಷಿಯಾದ ಲೆಕ್ಕಕ್ಕೆ ಹೊಂದಿಕೊಂಡಿತ್ತು. ಗೂಬೆ ನಾಣ್ಯ 17.2 ಗ್ರಾಂ, ಈ ಲೆಕ್ಕಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಹಾಗಾಗಿ ಅಲ್ಲಿ ಅದನ್ನು ತಕ್ಕಡಿಗೆ ಹಾಕುವುದು, ತುಂಡು ಮಾಡುವುದು, ಕರಗಿಸುವುದು ಇಷ್ಟೇ ದಾರಿ. ಎಷ್ಟೋ ಗ್ರೀಕ್ ಬೆಳ್ಳಿ ಇಂಥ ಪಟ್ಟಿಗಳಾಗಿ ಕರಗಿಹೋಗಿರುವ ಸಾಧ್ಯತೆ ಇದೆ. ನಮಗೆ ಕಾಣುತ್ತಿರುವುದು ಮೂಸೆಗೆ ಬೀಳದೆ ಉಳಿದದ್ದು ಮಾತ್ರ.

ಆದರೂ ಒಂದು ತಕರಾರು. ಗ್ರೀಕರು ಆ ಕಡೆ ಇರಲೇ ಇಲ್ಲ ಎನ್ನಲೂ ಬರುವುದಿಲ್ಲ. ಲಿಬಿಯಾದ ಬಾರ್ಕೆ ಎಂಬ ಗ್ರೀಕ್ ಪಟ್ಟಣದ ಸೆರೆಯಾಳುಗಳನ್ನು ಪರ್ಷಿಯಾದ ದೊರೆ ದಾರಯವೌಷ್ (ಡೇರಿಯಸ್) ಬ್ಯಾಕ್ಟ್ರಿಯಾದಲ್ಲಿ, ಅಂದರೆ ಈಗಿನ ಉತ್ತರ ಆಫ್ಘಾನಿಸ್ತಾನದ ಕಡೆ, ಒಂದು ಹಳ್ಳಿ ಕೊಟ್ಟು ಕೂರಿಸಿದ, ಆ ಹಳ್ಳಿ ತನ್ನ ಕಾಲಕ್ಕೂ ಇತ್ತು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ.

ಒರೆಗಲ್ಲು

ಒಪ್ಪಿದೆ. ಆದರೆ ಅದಕ್ಕೆ ಸಾಕ್ಷಿ ಹೆರೊಡೊಟಸ್, ನಾಣ್ಯವಲ್ಲ. ಎರಡನ್ನೂ ಬೇರೆ ಬೇರೆ ಇಡೋಣ ಎನ್ನುವುದಷ್ಟೇ ನನ್ನ ವಾದ.

ಹಾಗ

ಒಂದು ಅನುಮಾನ. ಸೀಳು ಬಿದ್ದ ನಾಣ್ಯ ಖೋಟಾ ಎಂದು ತೀರ್ಮಾನವಾದದ್ದೋ, ಅಸಲಿ ಎಂದು ಪಾಸಾದದ್ದೋ? ಇನ್ನೊಂದು: ಗೂಬೆ ನಾಣ್ಯವನ್ನು ಬೇರೆ ದೇಶಗಳಲ್ಲೂ ಹೊಡೆಯುತ್ತಿದ್ದರಂತೆ. ಹಾಗಾದರೆ ಕಾಬೂಲಿನ ಗೂಬೆ ಅಥೆನ್ಸಿನದೇ ಎಂದು ಹೇಗೆ ಹೇಳುವುದು?

ಟಂಕಸಾಲೆ

ಎರಡೂ ಒಳ್ಳೆಯ ಪ್ರಶ್ನೆ.

ಮೊದಲನೆಯದಕ್ಕೆ ಅಥೆನ್ಸ್‌ನ ಕಾನೂನೇ ಇದೆ. ನಿಕೊಫೋನ್ ತಂದ ಕಾನೂನು, ಕ್ರಿ.ಪೂ. 375/4. ಕಲ್ಲಿನ ಶಾಸನ 1970ರಲ್ಲಿ ಅಥೆನ್ಸ್‌ನ ಅಗೋರಾ ಉತ್ಖನನದಲ್ಲಿ ಸಿಕ್ಕಿತು. ಪೇಟೆಯಲ್ಲಿ ಹಣ ಬದಲಿಸುವವರ ಮೇಜುಗಳ ನಡುವೆ ಒಬ್ಬ ಪರೀಕ್ಷಕ ಕೂರಬೇಕು. ಆತ ಪಟ್ಟಣದ ಗುಲಾಮ, ನಮ್ಮ ಚಿನಿವಾರನ ಕೆಲಸ. ಹಡಗಿನವರಿಗಾಗಿ ಪಿರೇಯಸ್ ಬಂದರಿನಲ್ಲಿ ಇನ್ನೊಬ್ಬ. ನಾಣ್ಯ ತಂದಾಗ ಮೂರು ದಾರಿ. ಅಥೆನ್ಸಿನದೇ ಒಳ್ಳೆಯ ಬೆಳ್ಳಿಯಾದರೆ ಎಲ್ಲರೂ ತೆಗೆದುಕೊಳ್ಳಲೇಬೇಕು. ಪರೀಕ್ಷಕ ಒಪ್ಪಿದ ಮೇಲೂ ಬೇಡವೆಂದ ಅಂಗಡಿಯವನ ಆ ದಿನದ ಸರಕು ಜಪ್ತಿ. ಅಥೆನ್ಸ್‌ನದೇ ಮುದ್ರೆ ಇದ್ದು ಹೊರಗೆ ಹೊಡೆದ ಬೆಳ್ಳಿಯಾದರೆ ತಂದವನಿಗೇ ವಾಪಸ್. ಒಳಗೆ ತಾಮ್ರವೋ ಸೀಸವೋ ಇದ್ದರೆ, ಖೋಟಾ ಆಗಿದ್ದರೆ, ಅಲ್ಲೇ ಅಡ್ಡಕ್ಕೆ ಸೀಳಿ ದೇವಮಾತೆಯ ಗುಡಿಯ ಸೊತ್ತು ಮಾಡಬೇಕು. ಪರೀಕ್ಷಕ ಕೆಲಸಕ್ಕೆ ಕೂರದಿದ್ದರೆ, ಸರಿಯಾಗಿ ಪರೀಕ್ಷಿಸದಿದ್ದರೆ 50 ಚಾಟಿಯೇಟು.

ಈಗ ಗಮನಿಸಿ: ಅಥೆನ್ಸ್‌ನಲ್ಲಿ ಸೀಳಿದ ನಾಣ್ಯ ಚಲಾವಣೆಯಿಂದಲೇ ಹೊರಕ್ಕೆ. ಈಜಿಪ್ಟಿನಲ್ಲಿ, ಪೂರ್ವದಲ್ಲಿ ಸೀಳಿದ್ದು ಒಳಗೂ ಬೆಳ್ಳಿ ಕಂಡರೆ ಮತ್ತೆ ಕೈ ಬದಲಿಸುತ್ತದೆ. ಹಾಗಾಗಿ ಸೀಳು ಇದ್ದೂ ಒಳಗೆ ಬೆಳ್ಳಿಯೇ ಹೊಳೆಯುತ್ತಿದ್ದರೆ ಅದು ಪಾಸಾದ ನಾಣ್ಯ, ಆ ಸೀಳು ಹೆಚ್ಚಾಗಿ ತವರಿನ ಹೊರಗಿನದು. ಸೀಳಿನ ಗೋಡೆಯಲ್ಲಿ ಹಸಿರು ಕಿಲುಬು ಅಥವಾ ಕೆಂಪು ಗೆರೆ ಕಂಡರೆ ಒಳಗೆ ತಾಮ್ರ. ಸೀಳನ್ನು ನೋಡುವುದು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ, ಬೆಳಕು ಪಕ್ಕದಿಂದ ಬೀಳಬೇಕು. ಸೀಳಿನ ಒಳಗೂ ನಾಣ್ಯದ ಮುಖದ ಮೇಲೂ ಒಂದೇ ಬಣ್ಣದ ಹಳೆಯ ಪದರ ಇರಬೇಕು. ಸೀಳಿನೊಳಗೆ ಮಾತ್ರ ಹೊಸ ಹೊಳಪು ಇದ್ದರೆ ಅದು ಮೊನ್ನೆ ಮೊನ್ನೆ ಯಾರೋ ಮಾಡಿದ್ದು.

ಎರಡನೆಯ ಪ್ರಶ್ನೆ ಕಷ್ಟದ್ದು. ಈಜಿಪ್ಟಿನಲ್ಲಿ ಗೂಬೆಯನ್ನು ದೊಡ್ಡ ಪ್ರಮಾಣದಲ್ಲಿ ಹೊಡೆದಿದ್ದಾರೆ. ಪರ್ಷಿಯಾದ ದೊರೆ ಮೂರನೆಯ ಅರ್ತಕ್ಷಯರ್ಷ ಅಲ್ಲಿ ಹೊಡೆಸಿದ ಗೂಬೆಯ ಮೇಲೆ ಈಜಿಪ್ಟಿನ ಡೆಮೊಟಿಕ್ ಲಿಪಿಯಲ್ಲಿ ಅವನ ಹೆಸರೇ ಇದೆ. ಅಲ್ಲಿನ ಕೊನೆಯ ಸತ್ರಪರಾದ (ಪರ್ಷಿಯಾದ ಪ್ರಾಂತಾಧಿಕಾರಿಗಳಾದ) ಸಬಕೆಸ್, ಮಜಕೆಸ್ ತಮ್ಮ ಹೆಸರನ್ನು ಅರಮೇಯಿಕ್‌ನಲ್ಲಿ ಹಾಕಿಸಿದರು. ಗಾಜಾದಲ್ಲಿ ಹೊಡೆದರು, ಯೆಮನ್‌ನ ಸಬಾ ಜನ ಹೊಡೆದರು, ಬ್ಯಾಕ್ಟ್ರಿಯಾದಲ್ಲೂ ಹೊಡೆದರು. ಹೆಸರು ಬರೆದಿದ್ದರೆ ಸುಲಭ. ಬರೆಯದ ನಕಲಿಗೆ ಹೀಗೆ ನೋಡಿ:

ಕಣ್ಣು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್ ನಾಣ್ಯದಲ್ಲಿ ಅಥೇನಾಳ ಮುಖ ಪಕ್ಕಕ್ಕಿದ್ದರೂ ಕಣ್ಣು ಎದುರಿನಿಂದ ನೋಡಿದಂತೆ ಬಾದಾಮಿಯಾಕಾರ. 4ನೆಯ ಶತಮಾನದಲ್ಲಿ ಕಣ್ಣೂ ಪಕ್ಕದ ನೋಟಕ್ಕೆ ತಿರುಗುತ್ತದೆ. ನಕಲು ಮಾಡಿದವನು ಎರಡನ್ನೂ ಬೆರೆಸಿರುತ್ತಾನೆ: ಮುಖ ಹೊಸ ಶೈಲಿ, ಕಣ್ಣು ಹಳೆಯದು.

ಅಕ್ಷರ. ಹಿಂಬದಿಯಲ್ಲಿ ಆಲ್ಫಾ, ಥೀಟಾ, ಎಪ್ಸಿಲಾನ್ ಮೂರೇ ಅಕ್ಷರ. ಥೀಟಾದ ನಡುವಿನ ಚುಕ್ಕಿ ಬಿಟ್ಟಿದ್ದರೆ, ಅಕ್ಷರ ತಿರುಗಿ ನಿಂತಿದ್ದರೆ, ಅಚ್ಚು ಕೊರೆದವನಿಗೆ ಗ್ರೀಕ್ ಬರುತ್ತಿರಲಿಲ್ಲ ಎಂದು ಅನುಮಾನಿಸಬಹುದು. ಗೂಬೆಯ ಹಿಂದಿನ ಚಂದ್ರಕಲೆ, ಆಲಿವ್ ಚಿಗುರು ಇವು ಗಡಿಬಿಡಿಯ ನಕಲಿನಲ್ಲಿ ಗೀಟುಗಳಾಗಿಬಿಡುತ್ತವೆ.

ಅಚ್ಚುಗಳ ದಿಕ್ಕು. ಮುಮ್ಮುಖವನ್ನು ನೆಟ್ಟಗೆ ಹಿಡಿದು ನಿಂತ ಅಕ್ಷದ ಮೇಲೆ ತಿರುಗಿಸಿದಾಗ ಹಿಮ್ಮುಖದ ತಲೆ ಗಡಿಯಾರದ ಯಾವ ಗಂಟೆಗೆ ಬರುತ್ತದೆ ನೋಡಿ. 5ನೆಯ ಶತಮಾನದ ರಾಶಿ ರಾಶಿ ಗೂಬೆಗಳಲ್ಲಿ ಬಹುಪಾಲು 9 ಗಂಟೆಯ ಸುತ್ತ. ಒಂದು ನಾಣ್ಯದಿಂದ ಏನೂ ತಿಳಿಯದು. ಇಪ್ಪತ್ತು ಮೂವತ್ತು ಇದ್ದಾಗ ದಿಕ್ಕು ಚದುರಿದ್ದರೆ ಬೇರೆ ಟಂಕಸಾಲೆ ಎಂದು ಯೋಚಿಸಬೇಕು.

ಕೊನೆಯದು ತೂಕ ಮತ್ತು ಸಾಂದ್ರತೆ. 17.2 ಗ್ರಾಂ ಇರಬೇಕಾದದ್ದು ಸವೆದು 16.8ಕ್ಕೆ ಇಳಿದರೆ ಸಹಜ. ಅದೇ ಗಾತ್ರದ ನಾಣ್ಯ 15 ಗ್ರಾಂ ಸುತ್ತ ತೂಗಿದರೆ ತಾಮ್ರದ ಒಡಲಿಗೆ ಬೆಳ್ಳಿಯ ಹೊದಿಕೆ ಎಂದೇ ಮೊದಲ ಊಹೆ.

ಹಾಗ

ಸಾಂದ್ರತೆ ಮನೆಯಲ್ಲಿ ಅಳೆಯಬಹುದೇ?

ಟಂಕಸಾಲೆ

ಅಳೆಯಬಹುದು, ಆದರೆ ಅದರಿಂದ ಎಷ್ಟು ಹೇಳಬಹುದು ಎನ್ನುವುದಕ್ಕೆ ಮಿತಿ ಇದೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ನಾಣ್ಯವನ್ನು ಗಾಳಿಯಲ್ಲಿ ತೂಗಿ. ಗಾಜಿನ ಲೋಟದಲ್ಲಿ ಭಟ್ಟಿ ಇಳಿಸಿದ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದೇ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಗಾಳಿಯ ತೂಕವನ್ನು ಅದರಿಂದ ಭಾಗಿಸಿ ನೀರಿನ ಸಾಂದ್ರತೆಯಿಂದ ಗುಣಿಸಿ. 25 ಡಿಗ್ರಿಗೆ ಅದು 0.997.

17.15 ಗ್ರಾಂ ನಾಣ್ಯಕ್ಕೆ ತಕ್ಕಡಿ 1.63 ತೋರಿಸಿದರೆ ಉತ್ತರ 10.49, ಅಪ್ಪಟ ಬೆಳ್ಳಿ. 1.64 ತೋರಿಸಿದರೆ 10.43. ಕೊನೆಯ ಅಂಕಿಯ ಒಂದು ನೆಗೆತಕ್ಕೇ ಅಷ್ಟು ವ್ಯತ್ಯಾಸ! ಬೆಳ್ಳಿಗೆ ಶೇ. 5ರಷ್ಟು ತಾಮ್ರ ಬೆರೆತರೆ ಸಾಂದ್ರತೆ 10.40, ಶೇ. 10 ಬೆರೆತರೆ 10.31. ಹಾಗಾಗಿ ಈ ತಕ್ಕಡಿಯಲ್ಲಿ ಶೇ. 98ರ ಬೆಳ್ಳಿ, ಶೇ. 95ರ ಬೆಳ್ಳಿ ಎಂದು ಬೇರ್ಪಡಿಸುವುದು ಸುಳ್ಳು ಲೆಕ್ಕ. ತಾಮ್ರದ ಒಡಲಾದರೆ ಮಾತ್ರ 9ರ ಹತ್ತಿರಕ್ಕೆ ಬಿದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೂರು ಸಲ ಅಳೆಯಿರಿ. ಉಳಿಯ ಸೀಳಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದೇ ತಪ್ಪಿಗೆ ದೊಡ್ಡ ಕಾರಣ.

ವರಹ

ಟಂಕಸಾಲೆ ಅವರ ಮಾತಿಗೆ ಎರಡು ಎಚ್ಚರಿಕೆ. ಮಣ್ಣಿನಲ್ಲಿ ಬಹುಕಾಲ ಇದ್ದ ಬೆಳ್ಳಿಯ ಮೇಲೆ ಬೆಳ್ಳಿಯ ಕ್ಲೋರೈಡ್ ಕಟ್ಟಿರುತ್ತದೆ, ಬೂದು-ನೇರಳೆ ಬಣ್ಣದ ಮೇಣದಂಥ ಪದರ. ಅದರ ಸಾಂದ್ರತೆ 5.6 ಮಾತ್ರ. ದಪ್ಪ ಪದರವಿದ್ದರೆ ಅಸಲಿ ನಾಣ್ಯವೂ ಸಾಂದ್ರತೆಯಲ್ಲಿ ಸೋಲುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಸೀಸದ ಒಡಲು: ಸೀಸ 11.34, ತಾಮ್ರ 8.96, ಎರಡೂ ಬೆರೆತರೆ ಬೆಳ್ಳಿಯ ಅಂಕಿಗೇ ಬಂದು ನಿಲ್ಲಬಹುದು. ನಿಕೊಫೋನ್‌ನ ಕಾನೂನು ಸೀಸವನ್ನು ಹೆಸರಿಸಿಯೇ ಹೇಳಿರುವುದು ಸುಮ್ಮನೆ ಅಲ್ಲ.

ಎಕ್ಸ್-ರೇ ಪ್ರತಿದೀಪ್ತಿ ಯಂತ್ರದ ಮೇಲೂ ಪೂರ್ತಿ ಭರವಸೆ ಬೇಡ. ಅದು ನೋಡುವುದು ಮೇಲ್ಮೈಯ ತೆಳು ಪದರವನ್ನು. ಮಣ್ಣಿನ ತೇವಕ್ಕೆ ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿ ಹೆಚ್ಚಿದಂತೆ ಕಾಣುತ್ತದೆ. ಹಳೆಯ ಸೀಳಿದ್ದರೆ ಅದರ ಒಳಗೋಡೆಗೂ ಯಂತ್ರ ಹಿಡಿದು ಎರಡು ಅಂಕಿಗಳನ್ನು ಹೋಲಿಸಿ. ಬೆಳ್ಳಿ ಯಾವ ಗಣಿಯದು ಎಂದು ತಿಳಿಯಲು ಸೀಸದ ಐಸೊಟೋಪು ಬೇಕು. ಅಥೆನ್ಸ್ ಬಳಿಯ ಲಾರಿಯನ್ ಗಣಿಯನ್ನೂ ಸಿಫ್ನೊಸ್ ದ್ವೀಪದ ಗಣಿಯನ್ನೂ ಬೇರ್ಪಡಿಸಿದ್ದು ಹಾಗೆ. ಲಾರಿಯನ್ ಬೆಳ್ಳಿಯಲ್ಲಿ ಚಿನ್ನದ ಅಂಶ ತೀರಾ ಕಡಿಮೆ, ಅದೂ ಒಂದು ಸುಳಿವು. ಆದರೆ ಇಲ್ಲೊಂದು ಬಲೆಯಿದೆ. ಈಜಿಪ್ಟಿನವನು ಅಥೆನ್ಸ್‌ನ ನಾಣ್ಯಗಳನ್ನೇ ಕರಗಿಸಿ ತನ್ನ ಗೂಬೆ ಹೊಡೆದಿದ್ದರೆ ಲೋಹ ಲಾರಿಯನ್‌ನದು, ಟಂಕಸಾಲೆ ನೈಲ್ ದಂಡೆಯದು. ಲೋಹದ ತವರು, ಅಚ್ಚಿನ ತವರು ಎರಡನ್ನೂ ಒಂದೇ ಎಂದುಕೊಂಡರೆ ತೀರ್ಪು ಕೆಡುತ್ತದೆ.

ಗದ್ಯಾಣ

ಇಷ್ಟು ಬೆಳ್ಳಿ ಅಥೆನ್ಸ್‌ನಿಂದ ಹೊರಬೀಳಲು ಕಾರಣ ಏನು? ಏಜಿನಾ, ಥಾಸೊಸ್‌ಗಳಿಗಿಂತ ಗೂಬೆಯೇ ಯಾಕೆ ಎಲ್ಲೆಲ್ಲೂ ಸಿಗುತ್ತದೆ?

ಕಾರ್ಷಾಪಣ

ಪ್ರಮಾಣ. ಕ್ರಿ.ಪೂ. 431ರಲ್ಲಿ ಸ್ಪಾರ್ಟಾದ ಜೊತೆ ಯುದ್ಧ ಶುರುವಾದಾಗ ಅಕ್ರೊಪೊಲಿಸ್‌ನಲ್ಲಿ 6,000 ಟ್ಯಾಲೆಂಟ್ ನಾಣ್ಯವಾದ ಬೆಳ್ಳಿ ಇತ್ತು ಎಂದು ಅಥೆನ್ಸಿನ ಇತಿಹಾಸಕಾರ ಥ್ಯುಸಿಡಿಡಿಸ್ ಹೇಳುತ್ತಾನೆ. ಟ್ಯಾಲೆಂಟಿಗೆ 6,000 ದ್ರಾಕ್ಮಾ, ಒಂದು ಗೂಬೆಗೆ ನಾಲ್ಕು ದ್ರಾಕ್ಮಾ, ಹಾಗೆ ಎಣಿಸಿದರೆ 1,500 ಗೂಬೆ. ಒಟ್ಟು 90 ಲಕ್ಷ ಗೂಬೆಗಳಷ್ಟು ಬೆಳ್ಳಿ. ತವರಲ್ಲೇ ಗಣಿ, ಮೇಲೆ ಮಿತ್ರ ಪಟ್ಟಣಗಳ ಕಪ್ಪ. ಹೊರಕ್ಕೆ ಹೋದದ್ದು ಧಾನ್ಯ, ಮರ, ಹಡಗಿನ ಸಾಮಗ್ರಿ ಕೊಳ್ಳಲು, ಕೂಲಿ ಸೈನಿಕರ ಸಂಬಳಕ್ಕೆ. ಇನ್ನೊಂದು ಗುಣ ಮುದ್ರೆಯನ್ನು ಬದಲಿಸದೇ ಇದ್ದದ್ದು. ನೂರು ವರ್ಷ ಅದೇ ಅಥೇನಾ, ಅದೇ ಗೂಬೆ, ಅದೇ ಅಪ್ಪಟ ಬೆಳ್ಳಿ. ದೂರದವನು ನಂಬುವುದು ಬದಲಾಗದ್ದನ್ನು. ನಕಲು ಮಾಡಿದವರು ಗೂಬೆಯನ್ನೇ ಆರಿಸಿಕೊಂಡದ್ದೂ ಅದಕ್ಕೇ.

ಬೇಳೆ

ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ "ಯವನರ ನಾಣ್ಯ" ಸಿಕ್ಕಿದೆ ಎಂದು ಓದಿದ ನೆನಪು. ಅದು ಇದೇ ಗ್ರೀಕ್ ನಾಣ್ಯವೇ?

ಒರೆಗಲ್ಲು

ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕವು ರೋಮನ್ ದೆನಾರಿಯಸ್, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ರಾಶಿಯೂ ರೋಮನ್ ಬೆಳ್ಳಿಯೇ. ಕ್ರಿ.ಶ. 1ನೆಯ ಶತಮಾನದ ಕಡಲ ವ್ಯಾಪಾರದ ಹಣ ಅದು, ಗೂಬೆಗಿಂತ ನಾಲ್ಕು ಐದು ಶತಮಾನ ಈಚಿನದು. ಯವನ ಎಂಬ ಮಾತು ಗ್ರೀಕರಿಗೂ ರೋಮಿನ ಕಡೆಯವರಿಗೂ ಒಂದೇ ಆದ್ದರಿಂದ ಪತ್ರಿಕೆಗಳಲ್ಲಿ ಕಲಸಿಹೋಗುತ್ತದೆ. ಆದರೆ ಉಳಿಯ ಸೀಳಿನ ಮಾತು ಇಲ್ಲೂ ಅನ್ವಯಿಸುತ್ತದೆ. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ತಲೆಗೇ ಸೀಳು ಬಿದ್ದಿದೆ.

ನಿಜವಾದ ಗ್ರೀಕ್ ನಾಣ್ಯ ಉಪಖಂಡದಲ್ಲಿ ಸರಿಯಾದ ಉತ್ಖನನದ ಪದರದಲ್ಲಿ ಸಿಕ್ಕದ್ದಕ್ಕೆ ಒಳ್ಳೆಯ ಉದಾಹರಣೆ ತಕ್ಷಶಿಲೆಯ ಭೀರ್ ದಿಬ್ಬ. 1924ರಲ್ಲಿ ಸಿಕ್ಕ ನಿಧಿಯಲ್ಲಿ ಸಾವಿರಕ್ಕೂ ಹೆಚ್ಚು ಮುದ್ರಾಂಕಿತ ಬೆಳ್ಳಿ ನಾಣ್ಯಗಳ ನಡುವೆ ಅಲೆಕ್ಸಾಂಡರನ ಎರಡು, ಅವನ ಮಲಸೋದರ ಫಿಲಿಪ್ ಅರ್ಹಿಡಿಯಸ್‌ನದು ಒಂದು. ಫಿಲಿಪ್ ಸತ್ತದ್ದು ಕ್ರಿ.ಪೂ. 317. ಅವನ ಹೆಸರಿನ ನಾಣ್ಯ ಹೆಚ್ಚು ಸವೆಯದೆ ಇದ್ದದ್ದರಿಂದ ಭಾರತದ ಮುದ್ರಾಂಕಿತ ನಾಣ್ಯಗಳಿಗೇ ಒಂದು ಕಾಲದ ಗೂಟ ಸಿಕ್ಕಿತು. ಸಾವಿರ ಸ್ಥಳೀಯ ನಾಣ್ಯಗಳು ಹೇಳದ ಇಸವಿಯನ್ನು ಮೂರು ಪರದೇಶಿ ನಾಣ್ಯಗಳು ಹೇಳಿದವು. ದೂರದ ನಾಣ್ಯದ ನಿಜವಾದ ಬೆಲೆ ಇದು.

ಕಾರ್ಷಾಪಣ

ಇದರ ಉಲ್ಟಾ ಪಯಣವೂ ಇದೆ. ಆಫ್ಘಾನಿಸ್ತಾನದ ಆಯ್ ಖಾನುಂ ಎಂಬ ಗ್ರೀಕ್ ಪಟ್ಟಣದಲ್ಲಿ 1970ರಲ್ಲಿ ಪಾಲ್ ಬರ್ನಾರ್ ತಂಡಕ್ಕೆ 677 ಭಾರತೀಯ ಮುದ್ರಾಂಕಿತ ನಾಣ್ಯಗಳೂ, ಜೊತೆಗೆ ಗ್ರೀಕ್ ದೊರೆ ಅಗಾಥೊಕ್ಲೀಸನ 6 ನಾಣ್ಯಗಳೂ ಸಿಕ್ಕವು. ಆ ಆರರ ಮೇಲೆ ಒಂದು ಬದಿ ಗ್ರೀಕ್ ಅಕ್ಷರ, ಇನ್ನೊಂದು ಬದಿ ಬ್ರಾಹ್ಮಿ. ಚಿತ್ರ ನೇಗಿಲು ಹಿಡಿದ ಸಂಕರ್ಷಣ ಮತ್ತು ಚಕ್ರ ಹಿಡಿದ ವಾಸುದೇವ.

ವರಹ

ಇಷ್ಟೆಲ್ಲ ಹೇಳಲು ಸಾಧ್ಯವಾದದ್ದು ಸಿಕ್ಕ ಜಾಗ, ಜೊತೆಗಾರರು ಗೊತ್ತಿದ್ದರಿಂದ. ಆಫ್ಘಾನಿಸ್ತಾನದ ಪಾಕ್ತಿಯಾ ಪ್ರಾಂತ್ಯದ ಮೀರ್ ಜಕಾ ಬಾವಿಯಿಂದ 1992ರ ನಂತರ ತೆಗೆದದ್ದು ಟನ್ನುಗಟ್ಟಲೆ ನಾಣ್ಯ. ಪೇಟೆಗೆ ಚೆಲ್ಲಿಹೋದವು, ಯಾವುದು ಯಾವುದರ ಪಕ್ಕದಲ್ಲಿತ್ತು ಎಂದು ಇನ್ನೆಂದೂ ತಿಳಿಯದು. ಕಾಬೂಲಿನ ನಿಧಿಯ ನಾಣ್ಯಗಳೂ 1990ರ ದಶಕದಲ್ಲಿ ಕಾಬೂಲ್ ವಸ್ತುಸಂಗ್ರಹಾಲಯದ ಲೂಟಿಯಲ್ಲಿ ಹೋದವು. ನಮ್ಮ ಕೈಯಲ್ಲಿ ಉಳಿದಿರುವುದು 1953ರ ಪ್ರಕಟಣೆ. ಅದಕ್ಕೇ "ಬ್ಯಾಕ್ಟ್ರಿಯಾದಲ್ಲಿ ಸಿಕ್ಕಿದ್ದಂತೆ" ಎಂಬ ಹರಾಜಿನ ಒಕ್ಕಣೆಯನ್ನು ಸಾಕ್ಷಿಯಾಗಿ ಎತ್ತಿಕೊಳ್ಳಬೇಡಿ.

ಹಾಗ

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಹಳೆಯ ಬೆಳ್ಳಿ ನಾಣ್ಯ ಸಿಕ್ಕರೆ ತಕ್ಷಣ ಏನು ಮಾಡಬೇಕು?

ಟಂಕಸಾಲೆ

ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಅಡುಗೆ ಸೋಡ, ಟೂತ್‌ಪೇಸ್ಟ್ ಯಾವುದೂ ಬೇಡ. ಹಳೆಯ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಗಾಜಿನಂತೆ ಮುರಿಯುವ ಸ್ಥಿತಿಯಲ್ಲಿರಬಹುದು. ಬಗ್ಗಿಸಿದರೆ, ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಒಂದಕ್ಕೊಂದು ಅಂಟಿದ್ದರೆ ಬಿಡಿಸಬೇಡಿ. ಮಡಕೆಯ ಚೂರು, ಬಟ್ಟೆಯ ಎಳೆ, ಸುತ್ತಲಿನ ಒಂದು ಹಿಡಿ ಮಣ್ಣು ಕೂಡ ಇರಲಿ. ಇದ್ದಲ್ಲೇ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ನೆಲದಿಂದ ಎಷ್ಟು ಆಳ ಎಂದು ಬರೆದಿಡಿ. ಮೆತ್ತನೆಯ ಪಿವಿಸಿ ಲಕೋಟೆ ಬೇಡ, ಅದು ಕಾಲಕ್ರಮೇಣ ಹಸಿರು ಜಿಗುಟು ಬಿಡುತ್ತದೆ. ಆಮ್ಲವಿಲ್ಲದ ಕಾಗದ ಅಥವಾ ಪಾಲಿಎಥಿಲೀನ್ ಚೀಲ ಸಾಕು.

ಕಾನೂನಿನ ಮಾತು: ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಬರೆದು ಜಿಲ್ಲಾಧಿಕಾರಿಗೆ ತಿಳಿಸಿ. ನೂರು ವರ್ಷ ಮೀರಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಬೇಳೆ

ಕೊನೆಯದಾಗಿ ಒಂದು. ನಮ್ಮ ಶಾಸನಗಳ "ದ್ರಮ್ಮ" ಗ್ರೀಕರ ದ್ರಾಕ್ಮಾದಿಂದ ಬಂದದ್ದು ಹೌದೇ? ನಾಣ್ಯವೇ ಇಲ್ಲಿಗೆ ಬಾರದೆ ಹೆಸರು ಹೇಗೆ ಬಂತು?

ಕಾರ್ಷಾಪಣ

ಹೌದು, ದ್ರಾಕ್ಮಾದಿಂದಲೇ. ದಾರಿ ಗುಜರಾತಿನದು. ಕ್ರಿ.ಶ. 1ನೆಯ ಶತಮಾನದ ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ಗ್ರೀಕ್ ಕಡಲ ಕೈಪಿಡಿ, ಭರೂಚಿನ ಪೇಟೆಯಲ್ಲಿ ಇಂಡೋ-ಗ್ರೀಕ್ ದೊರೆಗಳಾದ ಅಪೊಲೊಡೊಟಸ್ ಮತ್ತು ಮಿನಾಂಡರ್ ಇವರ ಹಳೆಯ ದ್ರಾಕ್ಮಾಗಳು ಇನ್ನೂ ನಡೆಯುತ್ತಿದ್ದವು ಎನ್ನುತ್ತದೆ. ಮಿನಾಂಡರ್ ಸತ್ತು ಆಗಲೇ ಒಂದೂವರೆ ಶತಮಾನ ಮೀರಿತ್ತು. ಅವು ಅಥೆನ್ಸ್‌ನ 4.3 ಗ್ರಾಂ ದ್ರಾಕ್ಮಾ ಅಲ್ಲ; ಇಲ್ಲಿನ ಲೆಕ್ಕಕ್ಕೆ ಇಳಿಸಿದ 2.4 ಗ್ರಾಂ ಆಸುಪಾಸಿನವು, ಒಂದು ಬದಿ ಗ್ರೀಕ್, ಇನ್ನೊಂದು ಬದಿ ಖರೋಷ್ಠಿ. ಪಶ್ಚಿಮ ಭಾರತದ ಶಕ ದೊರೆ, ಕ್ಷಹರಾತ ವಂಶದ ನಹಪಾನ ಹೆಚ್ಚುಕಡಿಮೆ ಅದೇ ತೂಕ ಇಟ್ಟುಕೊಂಡು, ಗ್ರೀಕ್ ಅಕ್ಷರದಲ್ಲೇ ತನ್ನ ಹೆಸರು ಬರೆಸಿದ. ಆ ನಾಣ್ಯಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ. ನಾಸಿಕದ ಕಡೆಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಹಾಗೆ ಮರುಮುದ್ರೆಯಾದವು. ಅವುಗಳಲ್ಲಿ ಕೆಲವನ್ನು ಮಸೂರದಡಿ ತಿರುಗಿಸಿ ನೋಡಿದರೆ, ಶಾತವಾಹನರ ಕಮಾನುಬೆಟ್ಟದ ಗುರುತಿನ ಕೆಳಗೆ ಗ್ರೀಕ್ ಅಕ್ಷರದ ಒಂದೆರಡು ಕಾಲು ಇನ್ನೂ ಕಾಣುತ್ತವೆ.